ಮೂರನೇ ಬ್ಯಾಟರಿಯ ಜ್ವರ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಚೌಡೇಶನನ್ನು ಇಂಜಿನಿಯರ್ ಎಂದು ಮೊದಲು ಕರೆದವನು ಚೌಡೇಶನೇ. ಅದಕ್ಕಾಗಿ ಅವನು ಓದಬೇಕಾಗಲಿಲ್ಲ, ಎತ್ತಬೇಕಾಗಲಿಲ್ಲ, ಬಗ್ಗಬೇಕಾಗಲಿಲ್ಲ. ಅಂಗಿಯ ಜೇಬಿಗೆ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತರೆ ಸಾಕಾಯಿತು. ಎತ್ತುವುದು, ಬಗ್ಗುವುದು, ಒರೆಸುವುದು ಅವನ ಹೆಂಡತಿ ಈಶ್ವರಮ್ಮನ ಪಾಲಿಗೆ ಬಂತು. ಅದಕ್ಕೆ ಯಾರೂ ಯಾವ ಹೆಸರನ್ನೂ ಇಡಲಿಲ್ಲ.

ಹೆಸರಿಲ್ಲದ ಕೆಲಸದಲ್ಲಿ ಈಶ್ವರಮ್ಮನಿಗೆ ಹತ್ತೊಂಬತ್ತು ವರ್ಷದ ಪಳಗಿಕೆ. ಹದಿನೇಳು ತುಂಬಿದಾಗ ರಾಯದುರ್ಗದಿಂದ ಈ ಮನೆಗೆ ಬಂದವಳು. ಮನೆಯ ನಡುವೆ ಒಂದು ಗುಣಿಮಗ್ಗ. ಗುಣಿಯಲ್ಲಿ ಕೂತು ಲಾಳಿ ಎಸೆಯುವವನು ನೇಕಾರ. ಆ ಲಾಳಿಯೊಳಗಿನ ಕಂಡಿಕೆಗೆ ರಾಟೆಯಿಂದ ರೇಷ್ಮೆ ಸುತ್ತುವವಳು, ಉದ್ದಕ್ಕೆ ಹಾಯುವ ಹಾಸಿನ ಎಳೆ ಬಿಡಿಸುವವಳು, ತುಂಡಾದ ಜರಿ ಹುಡುಕಿ ಗಂಟು ಹಾಕುವವಳು ಮಾತ್ರ ನೇಕಾರನ ಹೆಂಡತಿ. ನೇಕಾರರ ಗುರುತಿನ ಚೀಟಿಯಲ್ಲಿ ಚೌಡೇಶನ ಫೋಟೊ ಇತ್ತು, ಮೀಸೆ ತಿದ್ದಿಕೊಂಡು ತೆಗೆಸಿದ್ದು. ಮನೆಗಣತಿಗೆ ಬಂದ ಮೇಷ್ಟ್ರು ಈಶ್ವರಮ್ಮನ ಉದ್ಯೋಗದ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದು, ಅವಳೇ ಕೊಟ್ಟ ಟೀ ಕುಡಿದು ಹೋಗಿದ್ದರು.

ಆ ಗೆರೆಯೊಳಗೆ ಒಂದು ಕೆಲಸ ಮಾತ್ರ ಊರಿಗೆಲ್ಲ ಬೇಕಾದದ್ದು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಹಾಸಿನ ತುದಿಗಳನ್ನು ಹಣಿಗೆಯಲ್ಲಿ, ಎಂದರೆ ಮಗ್ಗದ ಬಾಚಣಿಗೆಯ ಹಲ್ಲುಗಳ ನಡುವೆ, ಹಾಗೇ ಉಳಿಸಿ, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ನಾಲ್ಕು ಸಾವಿರಕ್ಕೂ ಮಿಕ್ಕಿದ ಎಳೆಗಳು, ತಲೆಗೂದಲಿಗಿಂತ ತೆಳು. ಬೆರಳು ಜಾರದಂತೆ ಬೂದಿ ಮುಟ್ಟಿಕೊಂಡು, ಬೆಳಗಿನ ಬೆಳಕಿನಲ್ಲಿ ಕೂತರೆ ಬೆನ್ನು ಬಿಲ್ಲಾಗುವವರೆಗೆ ಏಳುವ ಹಾಗಿಲ್ಲ. ಹಾಗೆ ಕೂಡಿಸಿದ ಮೇಲೆ ಹಳೆಯದನ್ನು ಮೆಲ್ಲಗೆ ಎಳೆದರೆ ಹೊಸದು ಹಣಿಗೆಯೊಳಗೆ ನುಸುಳಿ ಬರುತ್ತದೆ. ಆ ಎಳೆಯುವ ಹೊತ್ತಿಗೆ ಸರಿಯಾಗಿ ಗಂಡಸರು ಬಂದು ನಿಲ್ಲುತ್ತಾರೆ. ಎಳೆಯುವುದು ನೋಡಲು ಚೆಂದ. ಅದಕ್ಕೂ ಮುಂಚಿನ ಹತ್ತು ತಾಸು ಚೌಡೇಶ ಎಲ್ಲಿರುತ್ತಿದ್ದ ಎಂದು ಕೇಳಿದರೆ ಕ್ಯಾರಂ ಬೋರ್ಡಿಗೆ ಗೊತ್ತು.

ಈ ವಿದ್ಯೆ ಅವಳಿಗೆ ಬಂದದ್ದು ಅತ್ತೆ ಹುಚ್ಚಕ್ಕನಿಂದ. ಹುಚ್ಚಕ್ಕನ ಕಣ್ಣು ಈ ಕೆಲಸಕ್ಕೇ ಸವೆದು ಈಗ ಬೆಳಕು, ಕತ್ತಲೆ, ಎದುರು ನಿಂತವರ ಆಕಾರ ಮಾತ್ರ ಕಾಣುತ್ತಿತ್ತು. ಆದರೆ ಕಲಿಸಿದ ಮೊದಲ ಮಾತನ್ನು ಇನ್ನೂ ದಿನಕ್ಕೊಮ್ಮೆ ಹೇಳುತ್ತಿದ್ದಳು: "ಹಳೇ ಎಳೇನ ಮೊದ್ಲು ಉಗುರಾಗ ಜಗ್ಗಿ ನೋಡಮ್ಮಾಯಿ. ಲಡ್ಡಾಗಿದ್ರೆ ಗಟ್ಟಿ ಸಿಗೋ ತನಕ ಕತ್ರಿಸಿ ಹಾಕು. ಆಮ್ಯಾಲೆ ಹೊಸದು ಕೂಡ್ಸು."

ಕರೆಂಟ್ ಗಾಡಿ, ಎಂದರೆ ಬ್ಯಾಟರಿ ಸ್ಕೂಟರು, ಆ ಮನೆಗೆ ಬಂದದ್ದು ಎರಡು ಸಾವಿರದ ಏಳರಲ್ಲಿ. ಈಶ್ವರಮ್ಮ ಐದು ವರ್ಷ ಚೀಟಿ ಕಟ್ಟಿ, ಎತ್ತಿ, ಚಳ್ಳಕೆರೆಯಿಂದ ತಂದದ್ದು. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಅರವತ್ತು ಕಿಲೋಮೀಟರ್ ಓಡುತ್ತದೆ ಎಂದಿದ್ದ ಅಂಗಡಿಯವನು. ಓಡಿದ್ದು ನಲವತ್ತು. ಆದರೂ ಅವಳಿಗದು ಸಾಕಾಗಿತ್ತು. ಮಗ್ಗದ ಮನೆಗಳಿಗೆ ಎಳೆ ಕೂಡಿಸಲು ಹೋಗುವುದಕ್ಕೆ, ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ಬೀಸಿದ ಹಿಟ್ಟು ತರುವುದಕ್ಕೆ. "ಇದು ಹೆಂಗಸ್ರ ಗಾಡಿ, ನಾನು ಮುಟ್ಟಲ್ಲ" ಎಂದು ಚೌಡೇಶ ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಅದರ ಮೇಲೆ ಕೂತು, ಪೆಟ್ರೋಲಿನ ಕಾಲ ಮುಗಿಯಿತೆಂದು ಜನಕ್ಕೆ ಹೇಳುತ್ತಿದ್ದ.

ವರ್ಷ ಕಳೆಯುವುದರೊಳಗೆ ಮುಗಿಯುತ್ತ ಬಂದದ್ದು ಬ್ಯಾಟರಿಯ ಕಾಲ. ಸೀಟಿನಡಿ ಸಾಲಾಗಿ ನಾಲ್ಕು ಕರಿ ಬ್ಯಾಟರಿ. ನಲವತ್ತು ಓಡುತ್ತಿದ್ದದ್ದು ಮೂವತ್ತಾಯಿತು, ಇಪ್ಪತ್ತೆರಡಾಯಿತು. ಅಲ್ಲಿಂದ ಶುರುವಾಯಿತು ಇಂಜಿನಿಯರಿಕೆ.

ಚೌಡೇಶನ ಮೊದಲ ಪ್ರಯೋಗ ಐದನೆಯ ಬ್ಯಾಟರಿ. ಯಾರದೋ ಕೆಟ್ಟ ಟ್ರ್ಯಾಕ್ಟರಿನಿಂದ ಬಿಚ್ಚಿಸಿದ, ಕಡಪಾ ಕಲ್ಲಿನಷ್ಟು ಭಾರದ ಒಂದನ್ನು ತಂದು ಕಾಲಿಡುವ ಜಾಗದಲ್ಲಿ ಹಗ್ಗ ಹಾಕಿ ಕಟ್ಟಿದ. ಕಾಲು ಎಲ್ಲಿಡುವುದು ಎಂದು ಈಶ್ವರಮ್ಮ ಕೇಳಿದಳು.

"ಅಗಲಿಸ್ಕೊಂಡು ಕೂತ್ಕೋ. ಸೈನ್ಸಿಗೆ ಸ್ವಲ್ಪ ಅಡ್ಜಸ್ಟ್ ಆಗ್ಬೇಕು" ಎಂದ ಚೌಡೇಶ.

"ಸೀರೆ ಉಟ್ಟೋರು ಹೆಂಗ್ರಿ ಅಗಲಿಸ್ಕೊಂಡು ಕೂರೋದು?"

"ಅದ್ನೂ ನಾನೇ ಹೇಳ್ಬೇಕಾ?"

ಟ್ರ್ಯಾಕ್ಟರ್ ಬ್ಯಾಟರಿಗೆ ವಾರಕ್ಕೊಮ್ಮೆ ನೀರು ಬಿಡಬೇಕಾಗಿತ್ತು. ಬಿಡುತ್ತಿದ್ದವಳು ಅವಳು. ತುಳುಕಿದ ಆಸಿಡ್ಡಿಗೆ ಅವಳ ಎರಡು ಸೀರೆ ಜರಡಿಯಾದವು. ಊರಿಗೆಲ್ಲ ರೇಷ್ಮೆ ಸೀರೆ ನೇಯುವ ಮನೆಯ ಹೆಂಗಸು ತೂತಿನ ವಾಯಿಲ್ ಸೀರೆಗೆ ತೇಪೆ ಹಾಕುತ್ತ ಕೂತಳು. ಒಂದು ದಿನ ಐದೂ ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿ ಚೌಡೇಶ ಕೀಲಿ ತಿರುಗಿಸಿದಾಗ ಗಾಡಿ ಹತ್ತು ಮಾರು ಹಾರಿಕೊಂಡು ಹೋಗಿ, ಸೀಟಿನಡಿಯಿಂದ ಹೊಗೆ ಬಿಟ್ಟು ನಿಂತಿತು. ಕರೆಂಟನ್ನು ಅಳೆದು ಮೋಟಾರಿಗೆ ಬಿಡುವ ಡಬ್ಬಿಯೊಂದು ಸುಟ್ಟಿತ್ತು. ಚಳ್ಳಕೆರೆಗೆ ಹೋಗಿ ರಿಪೇರಿಯಾಗಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಹಿಟ್ಟಿನ ಡಬ್ಬಿ ಅವಳ ಸೊಂಟದ ಮೇಲೆ ಹೋಯಿತು, ಬಂತು. ಚೌಡೇಶ ಮಾತ್ರ ಜಗುಲಿಯಲ್ಲಿ "ಸ್ಪೀಡು ಬಂತು ನೋಡಿದ್ರಲ್ಲ?" ಎಂದು ಆ ಹತ್ತು ಮಾರನ್ನೇ ಮೂರು ವಾರ ಓಡಿಸಿದ.

ರಿಪೇರಿಯವರು ಟ್ರ್ಯಾಕ್ಟರಿನದನ್ನು ಬಿಚ್ಚಿಕೊಟ್ಟು, ಸೀಟಿನಡಿಯ ಚಾರ್ಜಿಂಗ್ ಸಾಕೆಟ್ಟು ಕೆಟ್ಟಿದೆ, ಆಮೇಲೆ ಹಾಕಿಕೊಡುತ್ತೇವೆ ಎಂದು ಕಳಿಸಿದ್ದರು. ಆಮೇಲೆ ಎಂಬುದು ಬರಲೇ ಇಲ್ಲ. ಹಾಗಾಗಿ ಬ್ಯಾಟರಿಗಳನ್ನು ದಿನಾ ಬಿಚ್ಚಿ, ಮೂರು ಮೆಟ್ಟಿಲು ಹತ್ತಿಸಿ, ಮಗ್ಗದ ಪಕ್ಕದ ಪ್ಲಗ್ಗಿಗೆ ತಂದು, ಅಲ್ಲೇ ಸಾಲಾಗಿ ಜೋಡಿಸಿ ಚಾರ್ಜಿಗೆ ಇಡಬೇಕಾಗಿತ್ತು. ಒಂದೊಂದೂ ಏಳು ಕಿಲೋ. ನಾಲ್ಕು ಸಲ ಒಳಗೆ, ನಾಲ್ಕು ಸಲ ಹೊರಗೆ. ಎತ್ತುವಾಗ ಎದೆಗೆ ಅವುಚಿ ಹಿಡಿಯದೆ ಬೇರೆ ದಾರಿಯಿಲ್ಲ. ಹಾಗೆ ಅವುಚಿ ಹಿಡಿದೇ ಅವಳಿಗೆ ಗೊತ್ತಾಯಿತು: ಮೂರನೆಯದು ಮಾತ್ರ ಬಿಸಿ. ಉಳಿದವು ಉಗುರು ಬೆಚ್ಚಗಿದ್ದರೆ ಅದು ಜ್ವರ ಬಂದ ಕೂಸಿನ ಹೊಟ್ಟೆಯ ಹಾಗೆ ಸುಡುತ್ತಿತ್ತು. ಪಕ್ಕೆಯೂ ಒಂದಿಷ್ಟು ಉಬ್ಬಿತ್ತು. ಅದರ ಮೇಲೆ ಕುಂಕುಮದಿಂದ ಒಂದು ಬೊಟ್ಟು ಇಟ್ಟಳು, ಗುರುತಿಗೆ.

ಆಷಾಢ ಕಳೆಯುತ್ತಿದ್ದಂತೆ ಜಯದೇವಪ್ಪ ಮನೆಗೆ ಬಂದ. ನೇಕಾರರಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುವ ಸಾಹುಕಾರ. ಮಾತಾಡಿದ್ದು ಚೌಡೇಶನ ಜತೆ, ನೋಡಿದ್ದು ಈಶ್ವರಮ್ಮನ ಬೆರಳುಗಳನ್ನು.

"ಕೊಂಡ್ಲಹಳ್ಳಿಯಾಗೆ ನಮ್ಮವು ಆರು ಮಗ್ಗ ಅವೆ. ಎಳೆ ಕೂಡ್ಸಾಕೆ ಅಲ್ಲಿ ಜನ ಇಲ್ಲ. ಅಮಾಸೆ ಮಾರನೇ ದಿನ ಬೆಳಗ್ಗೆ ಏಳಕ್ಕೆ ಮೊದಲ್ನೇ ಮಗ್ಗಕ್ಕೆ ಕೂರ್ಬೇಕು, ಆಮ್ಯಾಲೆ ದಿನಕ್ಕೊಂದು. ಆಗ್ತೈತೇನಮ್ಮಾ ಈಶ್ವರಮ್ಮ?"

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಹೊಸ ಹಾಸು ಏರುವುದು ಸಾಮಾನ್ಯವಾಗಿ ಮಾರನೆಯ ದಿನವೇ. ಕೊಂಡ್ಲಹಳ್ಳಿಗೆ ಹೋಗಲು ಹದಿನೈದು ಕಿಲೋಮೀಟರ್, ಬರಲು ಹದಿನೈದು. ಮೊದಲ ಬಸ್ಸು ತಲುಪುವುದು ಒಂಬತ್ತೂವರೆಗೆ.

"ಏಳಕ್ಕೆ ಇರ್ತೀನಿ ಸಾವ್ಕಾರ್ರೇ" ಎಂದಳು.

"ಒಂದಿನ ತಪ್ಪಿದ್ರೆ ನನ್ಗೆ ಆರು ಮಗ್ಗ ಖಾಲಿ ಕೂರ್ತವೆ. ರಾಯದುರ್ಗದಿಂದ ಇಬ್ಬರು ಬರ್ತೀವಿ ಅಂದವ್ರೆ. ನೀನು ಬಂದ್ರೆ ಆರೂ ಮಗ್ಗ ವರ್ಷಪೂರ್ತಿ ನಿಂದೇ. ತಪ್ಪಿದ್ರೆ ಅವರದು."

ಜಯದೇವಪ್ಪ ಹೋದ ಮೇಲೆ ಈಶ್ವರಮ್ಮ ಒಲೆಯ ಮುಂದೆ ಕೂತು ಬೆರಳು ಮಡಿಸಿ ಎಣಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಾರೋ ಆರು ಮಗ್ಗವನ್ನು ಅವಳ ಹೆಸರಿನ ಪಕ್ಕ ಇಟ್ಟು ಮಾತಾಡಿದ್ದರು. ಅಡ್ಡ ಇದ್ದದ್ದು ಎಂಟು ಕಿಲೋಮೀಟರ್. ಇಪ್ಪತ್ತೆರಡಕ್ಕೆ ನಿಲ್ಲುವ ಗಾಡಿ ಮೂವತ್ತು ಓಡಬೇಕು. ಹಗಲು ಕೊಂಡ್ಲಹಳ್ಳಿಯಲ್ಲಿ ಕರೆಂಟು ಇರುತ್ತಿರಲಿಲ್ಲ, ಅಲ್ಲಿ ಚಾರ್ಜು ಮಾಡಿಕೊಳ್ಳುವ ಮಾತೂ ಇಲ್ಲ.

ಒಂದು ದಿನ ಹೋಗಿ ನೋಡಿಯೇ ಬಂದಳು. ಹೋಗುವಾಗ ಸಲೀಸು. ಬರುವಾಗ ಏಳು ಕಿಲೋಮೀಟರಿಗೆ ಗಾಡಿ ಎತ್ತಿನ ಹಾಗೆ ತಲೆ ತಗ್ಗಿಸಿ ನಿಂತಿತು. ಉಳಿದ ಎಂಟನ್ನು ತಳ್ಳಿಕೊಂಡು ಬಂದು, ಬಾಗಿಲಲ್ಲಿ ಸ್ಟ್ಯಾಂಡು ಹಾಕಿ, ನೇರ ಒಲೆ ಹಚ್ಚಿದಳು. ಜಗುಲಿಯಲ್ಲಿ ಗಂಡ ಟೀಗೆ ಕಾದಿದ್ದ.

ಟೀ ಕೊಡುವಾಗ ಹೇಳಿದಳು: "ಏನ್ರೀ, ಮೂರ್ನೇದು ಕೆಟ್ಟೈತೆ. ಅದೊಂದು ತೆಗೆದು ಬೇರೆ ಹಾಕ್ಸಿ. ದಿನಾ ಎತ್ತೋವಾಗ ಸುಡ್ತೈತೆ, ಮುಟ್ಟಿ ನೋಡ್ರಿ."

ಜಗುಲಿಯಲ್ಲಿ ಮುರುಗೇಂದ್ರಪ್ಪನೂ ಇದ್ದ. ಇನ್ಶೂರೆನ್ಸ್ ಏಜೆಂಟು. ಊರಲ್ಲಿ ಎಲ್ಲರ ಆಯುಷ್ಯವೂ ತನಗೆ ಗೊತ್ತೆಂಬ ಮುಖ. "ಬ್ಯಾಟರೀಗೂ ಜ್ವರ ಬರ್ತೈತೇನ್ ತಂಗೀ? ಕಷಾಯ ಕುಡ್ಸು" ಎಂದ. ಚೌಡೇಶ ಟೀ ನೆತ್ತಿಗೇರುವಷ್ಟು ನಕ್ಕ. ಮುಟ್ಟಿ ನೋಡಲು ನಾಲ್ಕು ಹೆಜ್ಜೆ ಇಡಬೇಕಾಗಿತ್ತು, ಇಬ್ಬರೂ ಇಡಲಿಲ್ಲ.

ಆದರೆ ಹೆಂಡತಿಯ ಮಾತಿನಲ್ಲಿ ತನಗೆ ಬೇಕಾದಷ್ಟನ್ನು ಚೌಡೇಶ ಇಟ್ಟುಕೊಂಡ. ಮಾರನೆಯ ದಿನ ಒಂದು ಹೊಸ ಬ್ಯಾಟರಿ ತಂದ. ತಂದವನು ಸೀಟು ಎತ್ತಿ, ಕೈಗೆ ಮೊದಲು ಸಿಕ್ಕಿದ್ದನ್ನು, ಎಂದರೆ ಒಂದನೆಯದನ್ನು, ಬಿಚ್ಚಿ ಹೊಸದನ್ನು ಅಲ್ಲಿ ಕೂರಿಸಿದ. ಮೂರನೆಯದಕ್ಕೆ ಕೈ ಹಾಕಲು ಇನ್ನೆರಡು ಬಿಚ್ಚಬೇಕಿತ್ತು, ಬಗ್ಗಬೇಕಿತ್ತು. ಇಂಜಿನಿಯರು ಬಗ್ಗುವವನಲ್ಲ.

"ಅದಲ್ರೀ, ಬೊಟ್ಟು ಇಟ್ಟಿದ್ದೀನಲ್ಲ, ಅದು" ಎಂದಳು ಈಶ್ವರಮ್ಮ.

"ಯಾವ್ದಾದ್ರೇನು? ನೀನು ಎಳೆ ಕೂಡ್ಸಲ್ವೇನೆ? ಹಳೇದಕ್ಕೆ ಹೊಸದು ಕೂಡಿಸಿದ್ರೆ ಒಂದನ್ನೊಂದು ಎಳ್ಕೊಂಡು ಹೋಗ್ತವೆ. ನೇಕಾರ್ರ ಮನೆ ಹೆಣ್ಣಾಗಿ ಅಷ್ಟೂ ತಿಳ್ಯಲ್ವಾ?"

ಗೋಡೆಗೊರಗಿ ಕೂತಿದ್ದ ಹುಚ್ಚಕ್ಕ ಅಲ್ಲಿಂದಲೇ ಕೇಳಿದಳು: "ಏಮಿರಾ ನಾಯನಾ, ಹುಟ್ಟಿದಾಗ್ಲಿಂದ ಒಂದಿನಾನಾದ್ರೂ ಬೂದಿ ಮುಟ್ಟೀಯೇನೋ ನೀನು?"

ಚೌಡೇಶನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಎಳೆ ಕೂಡಿಸುವುದನ್ನು ನಲವತ್ತು ವರ್ಷ ಒಂದೇ ಸೂರಿನಡಿ ನೋಡಿದವನು ಅವನು. ನೋಡಿದ್ದು ಕೊನೆಯ ಚೆಂದದ ಎಳೆತವನ್ನು. ಲಡ್ಡು ಎಳೆಯನ್ನು ಮೊದಲೇ ಕತ್ತರಿಸಿ ಬಿಸಾಡುತ್ತಾರೆ ಎಂಬುದು ಅವನಿಗೆ ಗೊತ್ತಾಗುವುದು ಹೇಗೆ? ಅದು ಬೆಳಗಿನ ಏಳರಿಂದ ಎಂಟರವರೆಗಿನ ಕೆಲಸ. ಆಗ ಅವನಿನ್ನೂ ಹೊದ್ದುಕೊಂಡಿರುತ್ತಿದ್ದ.

ಬಿಚ್ಚಿದ ಒಂದನೆಯ ಬ್ಯಾಟರಿ ಏನಾಯಿತು? ಕರೆಂಟು ಹೋದಾಗ ಜಗುಲಿಯ ಕ್ಯಾರಂ ಬೋರ್ಡಿನ ಮೇಲೆ ಒಂದು ಹೆಡ್‌ಲೈಟ್ ಬಲ್ಬು ಉರಿಸಲು ಹೋಯಿತು. ಈಶ್ವರಮ್ಮ ಒಳಗೆ ಸೀಮೆಎಣ್ಣೆ ಬುಡ್ಡಿಯಲ್ಲಿ ಮುದ್ದೆ ತೊಳಸುತ್ತಿದ್ದರೆ, ಹೊರಗೆ ನಾಲ್ಕು ಗಂಡಸರು ಹಾಲಿನಂಥ ಬೆಳಕಿನಲ್ಲಿ ಕೆಂಪು ಕಾಯಿ ಹೊಡೆಯುತ್ತಿದ್ದರು. ಒಂದು ಸಂಜೆಯಾಯಿತು, ಎರಡಾಯಿತು, ಮೂರಾಯಿತು. ಚಾರ್ಜು ಮಾಡದೆ ಮೂರನೆಯ ಸಂಜೆಯೂ ಬಲ್ಬು ಮಂಕಾಗಲಿಲ್ಲ. ಇದನ್ನು ಗಮನಿಸಿದವಳು ಬೀದಿಗೆ ಕಸ ಚೆಲ್ಲಲು ಬಂದ ಈಶ್ವರಮ್ಮ. ಆಟದವರ ಕಣ್ಣು ಕಾಯಿಯ ಮೇಲಿತ್ತು.

'ಗಟ್ಟಿ ಇದ್ದದ್ದನ್ನ ತೆಗೆದು ಆಟಕ್ಕೆ ಹಾಕ್ಯಾನೆ, ಲಡ್ಡಾಗಿದ್ದನ್ನ ಗಾಡೀಲಿ ಬಿಟ್ಟಾನೆ' ಎಂದುಕೊಂಡಳು. ಅಂದೇ ಹೇಳಬಹುದಿತ್ತು. ಕಷಾಯದ ನಗೆ ಇನ್ನೂ ಕಿವಿಯಲ್ಲಿತ್ತು. ಅಮಾವಾಸ್ಯೆಗೆ ಮಗ್ಗವೂ ಇಲ್ಲ, ಕಂಡಿಕೆಯೂ ಇಲ್ಲ. ಅವತ್ತು ಬೆಳಿಗ್ಗೆಯೇ ತಾನೇ ಬದಲಿಸಿ, ಇಡೀ ದಿನ ಚಾರ್ಜಿಗೆ ಇಡುವುದೆಂದು ಲೆಕ್ಕ ಹಾಕಿದಳು.

ಅಮಾವಾಸ್ಯೆಯ ಬೆಳಿಗ್ಗೆ ಅವಳು ಅಂಗಳ ಸಾರಿಸಿ ಬರುವಷ್ಟರಲ್ಲಿ ಗಾಡಿ ಬೀದಿಯಲ್ಲಿತ್ತು. ಮುಂದೆ ಚೌಡೇಶ, ಹಿಂದೆ ಮುರುಗೇಂದ್ರಪ್ಪ. ಎರಡು ಹೊಟ್ಟೆಗಳ ನಡುವೆ ಸೀಟು ಕಾಣುತ್ತಿರಲಿಲ್ಲ.

"ಎಲ್ಲಿಗ್ರೀ?"

"ಚಳ್ಳಕೆರೆಗೆ. ಒಂದೇ ಚಾರ್ಜಿಗೆ. ಅರವತ್ತು ಅಂತ ಹೇಳಿ ನಲವತ್ತು ಕೊಟ್ನಲ್ಲ ಆ ಅಂಗಡಿಯೋನು, ಅವನ ಮುಂದೆ ಒಯ್ದು ನಿಲ್ಲಿಸ್ತೀನಿ. ಅಪ್‌ಗ್ರೇಡ್ ಅಂದ್ರೇನು ಅಂತ ತೋರಿಸ್ತೀನಿ."

"ನಾಳೆ ಬೆಳಗ್ಗೆ ನಂಗೆ ಕೊಂಡ್ಲಹಳ್ಳಿಗೆ ಬೇಕಲ್ರೀ ಗಾಡಿ. ಇವತ್ತು ಅದನ್ನ..."

"ನಾಳೆ ತಾನೆ? ಸಾಯಂಕಾಲ ಬರ್ತೀವಿ."

"ತಂಗೀ, ನೀನು ಹೋಳಿಗೆ ಮಾಡಿಡು. ಗೆದ್ದು ಬಂದೋರಿಗೆ ಊಟ ಬೇಕು" ಎಂದ ಮುರುಗೇಂದ್ರಪ್ಪ.

ಗಾಡಿ ಹೋದ ದಿಕ್ಕನ್ನು ಈಶ್ವರಮ್ಮ ನೋಡುತ್ತ ನಿಲ್ಲಲಿಲ್ಲ. ಹೋಳಿಗೆಯನ್ನೂ ಮಾಡಲಿಲ್ಲ. ಕ್ಯಾರಂ ಬೋರ್ಡಿನಡಿಯಿಂದ ಒಂದನೆಯ ಬ್ಯಾಟರಿಯನ್ನೂ ಬಲ್ಬನ್ನೂ ಒಳಗೆ ತಂದು, ಊರಿನ ಬ್ಯಾಟರಿ ಅಂಗಡಿಯಿಂದ ಬೇಡಿ ತಂದ ಚಿಕ್ಕ ಚಾರ್ಜರಿಗೆ ಹಾಕಿದಳು. ಆಮೇಲೆ ನಾಳೆಗೆ ಬೇಕಾದ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿದಳು. ಗಾಡಿ ಬಂದರೂ ಬಾರದಿದ್ದರೂ ಬೂದಿ ಸಿದ್ಧವಿರಬೇಕು.

ಒಂದು ಗಂಟೆಗೆ ಲಗೇಜ್ ಆಟೋವೊಂದು ಬಾಗಿಲಿಗೆ ಬಂದು ನಿಂತಿತು. ಹಿಂದೆ, ಈರುಳ್ಳಿ ಚೀಲಗಳ ನಡುವೆ, ಗಾಡಿ ಅಡ್ಡ ಮಲಗಿತ್ತು. ಅದರ ಪಕ್ಕದಲ್ಲಿ ಇಂಜಿನಿಯರು, ತಲೆಯ ತುಂಬ ಈರುಳ್ಳಿ ಸಿಪ್ಪೆ. ಅರ್ಧ ದಾರಿಯಲ್ಲೇ, ಬಿ.ಜಿ. ಕೆರೆ ದಾಟಿ, ತಳುಕು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಗಾಡಿ ನಿಂತಿತ್ತು. ಮುರುಗೇಂದ್ರಪ್ಪ ಸ್ನೇಹಿತನನ್ನು ಬಿಟ್ಟು ಬಸ್ಸು ಹತ್ತಿ ಮೊದಲೇ ಬಂದು, ಊಟ ಮಾಡಿ, ಈಗ ಏನೂ ಗೊತ್ತಿಲ್ಲದವನಂತೆ ಜಗುಲಿಗೆ ಹಾಜರಾಗಿದ್ದ.

"ಏನಾಯ್ತ್ ಲೇ ಚೌಡೇಶ?"

"ಎದುರು ಗಾಳಿ" ಎಂದ ಚೌಡೇಶ. "ಗಾಳಿ ಬಿಟ್ರೆ ಎಲ್ಲ ಕರೆಕ್ಟಾಗೈತೆ."

ಗಾಡಿ ಇಳಿಸಿದ ಕೂಡಲೆ ಈಶ್ವರಮ್ಮ ಸೆರಗು ಸಿಕ್ಕಿಸಿ ಸೀಟು ಎತ್ತಿದಳು. ದಿನಾ ಬಿಚ್ಚಿ ಕೂಡಿಸುವ ಕೈ. ಕೆಂಪು ವೈರು, ಕಪ್ಪು ವೈರು ನೋಡದೆಯೂ ತಿಳಿಯುತ್ತಿತ್ತು. ನಾಲ್ಕನ್ನೂ ಹೊರಗೆ ತೆಗೆದು ಜಗುಲಿಯ ಮೇಲೆ, ಕ್ಯಾರಂ ಆಡುವ ಜಾಗದಲ್ಲೇ, ಸಾಲಾಗಿಟ್ಟಳು. ಹೆಡ್‌ಲೈಟ್ ಬಲ್ಬು ತಂದಳು.

"ಏಯ್, ಏನ್ ಮಾಡ್ತೀಯಾ? ವಾರಂಟಿ ಹೋಗ್ತೈತೆ!"

"ಗಾಳಿ ಎಲ್ಲಿ ಹೊಕ್ಕೈತೆ ಅಂತ ನೋಡ್ತೀನಿ, ಇರ್ರಿ."

ಮೊದಲನೆಯದಕ್ಕೆ, ಅಂದರೆ ಹೊಸದಕ್ಕೆ, ಬಲ್ಬು ಮುಟ್ಟಿಸಿದಳು. ಬೆಳಗಿತು. ಎರಡನೆಯದಕ್ಕೆ ಮುಟ್ಟಿಸಿದಳು. ಬೆಳಗಿತು. ಬೊಟ್ಟಿನದಕ್ಕೆ ಮುಟ್ಟಿಸಿದಾಗ ಒಳಗಿನ ತಂತಿ ಬೀಡಿಯ ತುದಿಯಷ್ಟು ಕೆಂಪಾಗಿ, ಅದೂ ಆರಿತು. ನಾಲ್ಕನೆಯದು ಮತ್ತೆ ಬೆಳಗಿತು.

ಬಾಗಿಲ ಚೌಕಟ್ಟಿಗೊರಗಿ ನಿಂತಿದ್ದ ಹುಚ್ಚಕ್ಕ ಹೇಳಿದಳು: "ಮೂರ್ನೇದು ಕತ್ಲು. ನಂಗೇ ಕಾಣಿಸ್ತೈತೆ. ಕಣ್ಣಿರೋರು ಏನ್ ಮಾಡ್ತಿದ್ರಪ್ಪಾ ಇಷ್ಟು ದಿನ?"

ಮುರುಗೇಂದ್ರಪ್ಪ ಕೆಮ್ಮಿದ. "ಇರ್ಬೋದು, ಇರ್ಬೋದು. ಟೆಕ್ನಿಕಲ್ ಆಗಿ ಹೇಳೋದಾದ್ರೆ..."

"ನೀವು ಕಷಾಯ ಕುಡೀತೀರೇನಣ್ಣಾ?" ಎಂದು ಈಶ್ವರಮ್ಮ ಕೇಳಿದಳು. "ಮಾಡ್ಕೊಡ್ಲಾ?"

ಅವನಿಗೆ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು.

ಬೊಟ್ಟಿನದನ್ನು ಅವಳು ಮೋರಿಯ ಪಕ್ಕಕ್ಕೆ ನೂಕಿದಳು. ಕ್ಯಾರಂ ಬೋರ್ಡಿನಡಿ ಇದ್ದದ್ದು ಆ ಜಾಗಕ್ಕೆ ಬಂತು. ನಾಲ್ಕನ್ನೂ ಒಳಗೆ ಹೊತ್ತು ಚಾರ್ಜಿಗೆ ಇಟ್ಟಾಗ ಎರಡು ಗಂಟೆ. ಆ ದಿನಗಳಲ್ಲಿ ಕರೆಂಟು ಮೂರು ತಾಸು ಇದ್ದರೆ ಮೂರು ತಾಸು ಇಲ್ಲ. ಬೆಳಗಿನ ಜಾವಕ್ಕೆ ಚಾರ್ಜರಿನ ದೀಪ ಹಸಿರಾಯಿತು. ಎತ್ತಿ ನೋಡಿದಳು, ನಾಲ್ಕೂ ಒಂದೇ ಬೆಚ್ಚಗೆ.

ಐದೂವರೆಗೆ ಅವಳು ಬ್ಯಾಟರಿ ಕೂರಿಸುತ್ತಿದ್ದಾಗ ಚೌಡೇಶ ಕಣ್ಣುಜ್ಜಿಕೊಂಡು ಬಾಗಿಲಿಗೆ ಬಂದ. ಅಷ್ಟು ಬೇಗ ಅವನು ಎದ್ದದ್ದು ಮದುವೆಯ ಮುಹೂರ್ತದ ನಂತರ ಇದೇ ಮೊದಲು.

"ಇವತ್ತು ಮಗ್ಗಕ್ಕೆ ಕಂಡಿಕೆ?"

"ರಾಟೆ ಅಲ್ಲೇ ಐತೆ. ರೇಷ್ಮೆ ಬುಟ್ಟೀಲಿ ಐತೆ."

"ನಾನು ಸುತ್ಲಾ?"

"ಕರೆಂಟಿಂದಲ್ರೀ, ಕೈಯಾಗ ತಿರುಗ್ಸೋದು. ಇಂಜಿನಿಯರ್ರಿಗೆ ಅದೇನು ಮಹಾ?"

"ಮತ್ತೆ ಮಕ್ಕಳ ಬುತ್ತಿ? ಅವ್ವನ ಗಂಜಿ?"

ಈಶ್ವರಮ್ಮ ಕೀಲಿ ತಿರುಗಿಸಿದಳು. ಆ ಗಾಡಿಗೆ ಸದ್ದಿರಲಿಲ್ಲ, ಹೋದದ್ದೇ ತಿಳಿಯಲಿಲ್ಲ. ಬೀದಿಯ ತಿರುವಿನವರೆಗೂ ಚೌಡೇಶ ಉತ್ತರಕ್ಕೆ ಕಾಯುತ್ತ ನಿಂತಿದ್ದ.

ಕೊಂಡ್ಲಹಳ್ಳಿಯಲ್ಲಿ, ಆರರಲ್ಲಿ ಮೊದಲನೆಯದಾದ ಕಾಟಮ್ಮನ ಮನೆಯ ಮಗ್ಗದ ಮುಂದೆ ಅವಳು ಬೂದಿ ಮುಟ್ಟಿ ಕೂತಾಗ ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಜಯದೇವಪ್ಪ ಬಂದು ಗಡಿಯಾರ ನೋಡಿಕೊಂಡ, ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ ಹೋದ. ಮೊದಲ ತಾಸು ಅವಳು ಹೊಸ ಎಳೆ ಮುಟ್ಟಲೇ ಇಲ್ಲ. ಹಳೆಯ ತುದಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಜಗ್ಗಿ, ಲಡ್ಡಾದದ್ದನ್ನು ಕತ್ತರಿಸುತ್ತ ಹೋದಳು. ಕಾಟಮ್ಮನ ಗಂಡ ಎರಡು ಸಲ ಇಣುಕಿದ. "ಇನ್ನೂ ಶುರು ಮಾಡಿಲ್ವೇನಮ್ಮಾ?" ಎಂದ. ಕಾಟಮ್ಮ ಕಂಡಿಕೆ ಸುತ್ತುತ್ತಲೇ ಅವನನ್ನು ಒಮ್ಮೆ ನೋಡಿದಳು. ಅವನು ಎಮ್ಮೆಗೆ ನೀರು ಕುಡಿಸಲು ಹೋದ.

ಐದು ಗಂಟೆಗೆ ಎಳೆದಾಗ ಹೊಸ ಹಾಸು ಒಂದು ಎಳೆಯೂ ತುಂಡಾಗದೆ ಹಣಿಗೆಯೊಳಗಿಂದ ಬಂತು. ಎಳೆಯುವ ಹೊತ್ತಿಗೆ ಸರಿಯಾಗಿ ಎಮ್ಮೆಯ ಬಳಿಯಿದ್ದವನು ಬಂದು ನಿಂತಿದ್ದ.

ವಾಪಸು ಬರುವಾಗ ಹಿಂದೆ ಗಾಡಿ ನಿಂತಿದ್ದ ಜಾಗ ಬಂತು. ದಾಟಿತು. ಎದುರು ಗಾಳಿ ನಿಜವಾಗಿಯೂ ಬೀಸುತ್ತಿತ್ತು. ಊರಿನ ಗುಡ್ಡ ಕಾಣುವಾಗ ಕೆಂಪು ದೀಪ ಮಿಟುಕಿಸಲು ಶುರುವಾಯಿತು; ಆದರೆ ಕಾಲು ನೆಲಕ್ಕೆ ಇಳಿದದ್ದು ಮನೆಯ ಮುಂದೆಯೇ.

ಒಳಗೆ ಹೋಗಿ ನೋಡಿದರೆ ಮಗ್ಗ ಖಾಲಿ. ರಾಟೆಯ ಸುತ್ತ ನೆಲದ ತುಂಬ ಕೆಂಪು ರೇಷ್ಮೆಯ ಸಿಕ್ಕು, ಬೆಕ್ಕು ಹೊರಳಾಡಿದ ಹಾಗೆ. ಹತ್ತು ತಾಸಿನಲ್ಲಿ ಎರಡೂವರೆ ಕಂಡಿಕೆ.

"ದಾರ ಸರಿ ಇಲ್ಲ" ಎಂದ ಚೌಡೇಶ.

"ಗಾಳಿ ಇರ್ಬೇಕು" ಎಂದಳು ಹುಚ್ಚಕ್ಕ, ಗೋಡೆಯ ಕಡೆಯಿಂದ.

ಆರೂ ಮಗ್ಗದ ಕೆಲಸ ಈಶ್ವರಮ್ಮನಿಗೇ ನಿಂತಿತು. ದೀಪಾವಳಿಗೆ ಮುಂಚೆ ಒಂದು ದಿನ ಅವಳು ಮನೆಯಲ್ಲಿದ್ದ ಬ್ಯಾಟರಿಗಳನ್ನೆಲ್ಲ ಗಾಡಿಯ ಸಮೇತ ಲಗೇಜ್ ಆಟೋಗೆ ಹಾಕಿಕೊಂಡು ಚಳ್ಳಕೆರೆಗೆ ಹೋದಳು. ಗಾಡಿಯ ನಾಲ್ಕು, ಬೊಟ್ಟಿನದೊಂದು, ಟ್ರ್ಯಾಕ್ಟರಿನದು, ಮತ್ತೆ ಮಂಚದಡಿ ಸಿಕ್ಕಿದ, ಯಾವ ಪ್ರಯೋಗಕ್ಕೋ ತಂದಿಟ್ಟು ಮರೆತ ಎರಡು. ಬ್ಯಾಟರಿ ಅಂಗಡಿಯ ಹೊನ್ನೂರ್ ಸಾಬ್ ತಕ್ಕಡಿಯ ಮೇಲೆ ಅವುಗಳನ್ನು ಪೇರಿಸುತ್ತ ಕೇಳಿದ: "ಕ್ಯಾ ಅಕ್ಕಾ, ಇಷ್ಟೊಂದು ಯಾಕೆ ಇಟ್ಕೊಂಡಿದ್ರಿ?"

"ನಮ್ಮನೆಯೋರು ಇಂಜಿನಿಯರ್ ಓದ್ತಿದ್ರು" ಎಂದಳು.

ಹೊನ್ನೂರ್ ಸಾಬ್ ನಕ್ಕು, ಹಳೆಯದನ್ನು ಸೀಸದ ತೂಕಕ್ಕೆ ಹಿಡಿದು, ಅದೇ ಪೆಟ್ಟಿಗೆಗೆ ಕೂರುವ, ಆದರೆ ಶಕ್ತಿ ಹೆಚ್ಚಿರುವ ನಾಲ್ಕು ಹೊಸವು ಕೊಟ್ಟ. ನಾಲ್ಕರ ಮೇಲೂ ಒಂದೇ ತಿಂಗಳ ಅಚ್ಚು. "ಒಟ್ಟಿಗೆ ಹುಟ್ಟಿದ್ದಿರ್ಬೇಕು, ಒಟ್ಟಿಗೆ ತಿನ್ಬೇಕು. ಒಂದು ಹೊಸದು ಮೂರು ಹಳೇದು ಹಾಕಿದ್ರೆ ಹಳೇದೆಲ್ಲ ಸೇರಿ ಹೊಸದನ್ನೂ ಹಾಳ್ ಮಾಡ್ತವೆ. ನಿಮ್ಮ ಹಳೇ ಮೂರು ಗಟ್ಟಿ ಇದ್ವು, ಇನ್ನಾರು ತಿಂಗ್ಳು ಓಡ್ತಿದ್ವು. ಆದ್ರೂ ನಾಲ್ಕೂ ಬದ್ಲಿಸಿದ್ದು ಒಳ್ಳೇದಾಯ್ತು." ಕೆಟ್ಟಿದ್ದ ಚಾರ್ಜಿಂಗ್ ಸಾಕೆಟ್ಟನ್ನೂ ಅವನೇ ಹಾಕಿಸಿಕೊಟ್ಟ. ಅರ್ಧ ತಾಸಿನ ಕೆಲಸ. ಅದಿಲ್ಲದೆ ಅವಳು ಅಷ್ಟು ತಿಂಗಳು ದಿನಕ್ಕೆ ಎಂಟು ಸಲ ಏಳು ಕಿಲೋ ಹೊತ್ತಿದ್ದಳು.

ಈಗ ಗಾಡಿ ಒಂದು ಚಾರ್ಜಿಗೆ ಐವತ್ತರ ಹತ್ತಿರ ಓಡುತ್ತದೆ. ಇದು ಊರಿಗೆಲ್ಲ ಗೊತ್ತು, ಯಾಕೆಂದರೆ ಜಗುಲಿಯಲ್ಲಿ ಕೂತು ಚೌಡೇಶ ಹೇಳುತ್ತಾನೆ. "ಇಪ್ಪತ್ತೆರಡು ಇತ್ತು. ಐವತ್ತಕ್ಕೆ ತಂದೆ. ಸುಮ್ನೆ ಅಲ್ಲ, ಹಂತ ಹಂತವಾಗಿ ಅಪ್‌ಗ್ರೇಡ್ ಮಾಡ್ದೆ" ಎನ್ನುತ್ತಾನೆ. ಕರೆಂಟು ಹೋದರೆ ಅವನ ಮಾತು ಕತ್ತಲೆಯಲ್ಲಿ ಮುಂದುವರಿಯುತ್ತದೆ, ಉರಿಸಲು ಬ್ಯಾಟರಿ ಇಲ್ಲ.

ಅಂಥದೊಂದು ಸಂಜೆ ಈಶ್ವರಮ್ಮ ಬಂದು ಗಾಡಿ ನಿಲ್ಲಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಹತ್ತಿದಳು. ಹೊಸದಾಗಿ ಬಂದ ಯಾರೋ ಒಬ್ಬನಿಗೆ ಚೌಡೇಶ ಹೊಸ-ಹಳೆ ಬ್ಯಾಟರಿಯ ತತ್ವ ವಿವರಿಸುತ್ತಿದ್ದ. ಅವಳು ತಡೆಯಲಿಲ್ಲ. ಹೊಸಿಲಲ್ಲಿ ನಿಂತು ಇಷ್ಟೇ ಹೇಳಿದಳು:

"ರಾಂಪುರದಿಂದ ಹೇಳಿಕಳಿಸ್ಯಾರೆ, ನಾಳೆಯಿಂದ ಅಲ್ಲೂ ಎರಡು ಮಗ್ಗ. ಬರೋದು ತಡ ಆಗ್ತೈತೆ. ಕಂಡಿಕೆ ಒಂದೂ ಇಲ್ಲ, ಈಗ್ಲೇ ಕೂತ್ರೆ ಬೆಳಗ್ಗೆಗೆ ನಾಲ್ಕಾದ್ರೂ ಆಗ್ತವೆ."

ಬಂದವನು ಚೌಡೇಶನ ಮುಖ ನೋಡಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ರಾಟೆಯ ಸದ್ದು ಬಂತು. ನಾಲ್ಕು ಸುತ್ತು ತಿರುಗಿ ನಿಂತಿತು. ಮತ್ತೆ ಎರಡು ಸುತ್ತು ತಿರುಗಿ ನಿಂತಿತು. ಹುಚ್ಚಕ್ಕ ಕಿವಿಗೊಟ್ಟು ಕೂತಿದ್ದಳು.

"ಮತ್ತೆ ಎಳೆ ಹರ್ಕೊಂಡ" ಎಂದಳು.